ತಂತ್ರಾಂಶದ ಹೊಸ ಆವೃತ್ತಿ ಮತ್ತು ಹಳೆಯ ಲೆಕ್ಕದ ಬೀಗ

ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳ ಅಡತ ಅಂಗಡಿ, ದಾಲ್ ಮಿಲ್ಲುಗಳಲ್ಲಿಯೂ ಖಾತೆವಹಿಯ ಸ್ಥಾನಕ್ಕೆ ಗಣಕಯಂತ್ರವು ಬಂದಿದೆ. ವಹಿಯು ಎಷ್ಟು ಹಳೆಯದಾದರೂ ಬಿಚ್ಚಿ ಓದಬಹುದು. ಗಣಕಯಂತ್ರದ ಲೆಕ್ಕಕ್ಕೆ ಆ ಖಾತರಿಯಿಲ್ಲ. ತಂತ್ರಾಂಶದ ಆವೃತ್ತಿಯನ್ನು ಬದಲಿಸುವಾಗ ಈ ಅಂತರವು ಅರಿವಿಗೆ ಬರುತ್ತದೆ.

ಹೆಚ್ಚಿನ ವರ್ತಕರು ಬಳಸುವ ಟ್ಯಾಲಿಯಲ್ಲಿ ಎರಡು ಬಗೆಯ ರಕ್ಷಣೆಯುಂಟು. ಬಳಕೆದಾರನ ಹೆಸರು ಮತ್ತು ಗುಪ್ತಪದವು ಬಾಗಿಲ ಕಾವಲಿದ್ದಂತೆ. ಟ್ಯಾಲಿ ವಾಲ್ಟ್ ಹಾಗಲ್ಲ. ಅದು ಲೆಕ್ಕವನ್ನೇ ಗೂಢಲಿಪಿಗೆ ತಿರುಗಿಸುತ್ತದೆ. ಸಂಸ್ಥೆಯ ಹೆಸರು ಕೂಡ ಪಟ್ಟಿಯಲ್ಲಿ ನಕ್ಷತ್ರ ಚಿಹ್ನೆಗಳಾಗಿ ಕಾಣುತ್ತದೆ. ವಾಲ್ಟ್‌ನ ಗುಪ್ತಪದ ಮರೆತರೆ ಲೆಕ್ಕವನ್ನು ತೆರೆಯುವ ಬೇರೆ ದಾರಿಯಿಲ್ಲ.

ಟ್ಯಾಲಿ 7.2ರಿಂದ 2009ರ ಟ್ಯಾಲಿ ಇಆರ್‌ಪಿ 9ಕ್ಕೆ ಬಂದಾಗ ಲೆಕ್ಕವನ್ನು ಹೊಸ ರೂಪಕ್ಕೆ ಪರಿವರ್ತಿಸಬೇಕಾಯಿತು. 2023ರಲ್ಲಿ ಬಂದ ಟ್ಯಾಲಿ ಪ್ರೈಮ್ 3.0ರಲ್ಲಿಯೂ ಹಾಗೆಯೇ ಆಯಿತು. ಒಮ್ಮೆ ಪರಿವರ್ತಿತವಾದ ಲೆಕ್ಕವನ್ನು ಹಿಂದಿನ ಆವೃತ್ತಿಯು ಓದಲಾರದು. ಜೇವರ್ಗಿಯ ಅಂಗಡಿಯಲ್ಲಿ ಹೊಸ ಆವೃತ್ತಿ, ಆಳಂದದ ಮಿಲ್ಲಿನಲ್ಲಿ ಹಳೆಯದು ಇದ್ದರೆ, ಅಂಗಡಿಯಿಂದ ಕಳುಹಿಸಿದ ಲೆಕ್ಕವು ಮಿಲ್ಲಿನಲ್ಲಿ ತೆರೆಯದು. ಇದು ಗುಪ್ತಪದದ ದೋಷವಲ್ಲ, ಆವೃತ್ತಿಗಳ ಹೊಂದಾಣಿಕೆಯ ದೋಷ.

ಇದರಲ್ಲಿ ಕಾನೂನಿನ ಹೊಣೆಯೂ ಅಡಗಿದೆ. ಕೇಂದ್ರ ಜಿಎಸ್‌ಟಿ ಕಾಯ್ದೆಯ 36ನೇ ಕಲಮಿನಂತೆ, ವಾರ್ಷಿಕ ವಿವರಪಟ್ಟಿ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳವರೆಗೆ ಲೆಕ್ಕಪತ್ರಗಳನ್ನು ಕಾಯ್ದಿಡತಕ್ಕದ್ದು. 2023-24ರ ಲೆಕ್ಕವು 2030ರ ಡಿಸೆಂಬರ್ ಅಂತ್ಯದವರೆಗೆ ಬೇಕು. ಅಧಿಕಾರಿಯು ಕೇಳಿದಾಗ ತೆರೆಯಲಾಗದ ಲೆಕ್ಕವು ಇಲ್ಲದ ಲೆಕ್ಕಕ್ಕೆ ಸಮಾನ.

ಆದುದರಿಂದ ಆವೃತ್ತಿ ಬದಲಿಸುವ ಮುನ್ನ ಈ ಕ್ರಮವನ್ನು ಅನುಸರಿಸುವುದು ಲೇಸು:

1. ಪ್ರತಿ ವರ್ಷದ ಲೆಕ್ಕವನ್ನೂ ಹಳೆಯ ಆವೃತ್ತಿಯಲ್ಲಿ ತೆರೆದು, ವಾಲ್ಟ್ ಗುಪ್ತಪದವು ಸರಿಯೆಂದು ಖಚಿತಪಡಿಸಿಕೊಳ್ಳಬೇಕು.

2. ತಾಳೆಪಟ್ಟಿ ಮತ್ತು ಅಢಾವೆ ಪತ್ರಿಕೆಯನ್ನು ಮುದ್ರಿಸಿಕೊಂಡು, ಲೆಕ್ಕದ ಎರಡು ಪ್ರತಿಗಳನ್ನು ಬೇರೆ ಬೇರೆ ಕಡೆ ಇಡಬೇಕು.

3. ಒಂದು ಪ್ರತಿಯನ್ನು ಬೇರೊಂದು ಗಣಕಯಂತ್ರದಲ್ಲಿ ಪರಿವರ್ತಿಸಿ, ಬಾಕಿಗಳನ್ನು ಮುದ್ರಿತ ಪ್ರತಿಯೊಡನೆ ತಾಳೆ ನೋಡಬೇಕು.

4. ಎಲ್ಲ ಶಾಖೆಗಳನ್ನೂ ಒಂದೇ ದಿನ ಬದಲಿಸಬೇಕು. ತೊಗರಿಯ ಆವಕ ಹೆಚ್ಚಿರುವ ಡಿಸೆಂಬರ್, ಜನವರಿಯಲ್ಲಿ ಇದು ಬೇಡ.

ಇನ್ನೊಂದು ಅಂಶವು ಗಮನಾರ್ಹ. ಇಂದು ಗುಪ್ತಪದವನ್ನು ಬದಲಿಸಿದರೂ ಹಿಂದೆ ತೆಗೆದಿಟ್ಟ ಪ್ರತಿಗಳಿಗೆ ಅಂದಿನ ಗುಪ್ತಪದವೇ ಬೇಕು. ಅದು ಮುನೀಮನೊಬ್ಬನ ನೆನಪಿನಲ್ಲಿ ಮಾತ್ರ ಉಳಿಯಬಾರದು. ದಿನಾಂಕದೊಡನೆ ಬರೆದು, ಲಕೋಟೆಯಲ್ಲಿ ಮುಚ್ಚಿ, ಮಾಲೀಕರ ತಿಜೋರಿಯಲ್ಲಿ ಇರಿಸುವುದು ಕ್ಷೇಮ.