ನಿಸ್ತಂತು ಜಾಲದ ದೋಷವನ್ನು ಹುಡುಕುವ ಬಗೆ

ಇಂಡಿ ತಾಲೂಕಿನ ಹೊರ್ತಿಯಂಥ ಊರಿನ ಚಿಕ್ಕ ಕಚೇರಿಯಿಂದಲೂ ಈಗ ವಿದ್ಯಾರ್ಥಿವೇತನದ ಅರ್ಜಿಗಳನ್ನು ಎಸ್‌ಎಸ್‌ಪಿ ಜಾಲತಾಣದ ಮೂಲಕವೇ ಕಳುಹಿಸಬೇಕಾಗುವದು. ವೈಫೈ ನಡುವೆ ಕಡಿದರೆ ಬಡ ಹುಡುಗಿಯೊಬ್ಬಳ ಅರ್ಜಿಯ ಗಡುವೇ ಮೀರೀತು. ಆದುದರಿಂದ ನಾವು ಅನುಭವದಿಂದ ಕಲಿತ ಕ್ರಮವನ್ನು ಪ್ರಿಯ ಪಾಲಕರಿಗೂ ಹಳೆಯ ವಿದ್ಯಾರ್ಥಿನಿಯರಿಗೂ ಅರಿಕೆ ಮಾಡುತ್ತೇವೆ.

ಮೊದಲು ಗಣಕಯಂತ್ರವನ್ನು ತಂತಿಯಿಂದ ನೇರವಾಗಿ ರೂಟರಿಗೆ ಜೋಡಿಸಿ ನೋಡಬೇಕು. ಆಗಲೂ ಸಂಪರ್ಕ ಕಡಿದರೆ ದೋಷವು ರೂಟರಿನಲ್ಲಿ ಇಲ್ಲವೆ ಹೊರಗಿನಿಂದ ಬರುವ ಲೈನಿನಲ್ಲಿ ಇರುವದು; ಸೇವೆ ಒದಗಿಸುವವರಿಗೆ ತಿಳಿಸಬೇಕು. ತಂತಿಯಲ್ಲಿ ಸರಿಯಾಗಿ ನಡೆದರೆ ದೋಷವು ಬಹುಮಟ್ಟಿಗೆ ಅಲೆಗಳ ಹಾದಿಯಲ್ಲಿದೆ. ದಪ್ಪ ಕಲ್ಲುಗೋಡೆಯೂ ಕಬ್ಬಿಣದ ಕಪಾಟೂ ಅಲೆಗಳನ್ನು ತಡೆಯುವವು. ಕಪಾಟಿನ ಹಿಂದಿದ್ದ ರೂಟರನ್ನು ಎತ್ತರದ, ತೆರೆದ ಸ್ಥಳಕ್ಕೆ ತಂದೊಡನೆ ನಮ್ಮ ತೊಂದರೆಯು ಮುಕ್ಕಾಲುಪಾಲು ನೀಗಿತು.

5 ಗಿಗಾಹರ್ಟ್ಸಿನ ಅಲೆಗಳು ವೇಗವನ್ನು ಕೊಟ್ಟರೂ ಗೋಡೆಯಾಚೆ ಬೇಗನೆ ಕುಗ್ಗುವವು. ದೂರದ ಕೋಣೆಗೆ 2.4 ಗಿಗಾಹರ್ಟ್ಸ್ ಲೇಸು. ಅದರಲ್ಲಿ ನೆರೆಹೊರೆಯ ಜಾಲಗಳು ಅಡ್ಡಬಂದರೆ, ಒಂದನ್ನೊಂದು ಅತಿಕ್ರಮಿಸದ 1, 6, 11ನೆಯ ಚಾನೆಲುಗಳಲ್ಲಿ ದಟ್ಟಣೆ ಕಡಿಮೆಯಾದುದನ್ನು ಆರಿಸಬೇಕು.

ಒಂದು ಸಲಕ್ಕೆ ಒಂದನ್ನೇ ಬದಲಿಸಿ ಪರೀಕ್ಷಿಸಿರಿ. ಎಲ್ಲವನ್ನೂ ಒಮ್ಮೆಲೇ ಬದಲಿಸಿದರೆ ದೋಷವೆಲ್ಲಿತ್ತೆಂಬುದು ತಿಳಿಯದು. ಮುಂದಿನ ಸಲ ಮತ್ತೆ ಮೊದಲಿನಿಂದಲೇ ಹುಡುಕಬೇಕಾಗುವದು.