ಟ್ರ್ಯಾಕ್ ಒಂದು, ರಾಗ ಯಾವುದು?

ಧಾರವಾಡದ ಮಾಳಮಡ್ಡಿಯಲ್ಲಿ ಆಷಾಢದ ಜಿಟಿಜಿಟಿ ಮಳೆ. ಹಂಚಿನ ಮನೆಯ ಪಡಸಾಲೆಯ ಮೇಜಿನ ಮೇಲೆ ಸಿ.ಡಿ.ಗಳ ಗುಡ್ಡೆ: ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು, ಭೀಮಸೇನ ಜೋಶಿ. ಕೆಲವಕ್ಕೆ ಡಬ್ಬಿ ಉಂಟು, ಒಳಗಿನ ಚೀಟಿ ಇಲ್ಲ. ಕೆಲವಕ್ಕೆ ಡಬ್ಬಿಯೂ ಇಲ್ಲ, ಯಾರದೋ ಲಗ್ನಪತ್ರಿಕೆಯ ಲಕೋಟೆಯೇ ಗತಿ. ನಿವೃತ್ತ ಮಾಸ್ತರರ ಪ್ಲೇಯರ್ ಕೈಕೊಟ್ಟಿದೆ. ಮಗ ಕೊಡಿಸಿದ ಲ್ಯಾಪ್‌ಟಾಪಿನಲ್ಲಿ ಸಿ.ಡಿ. ಹಾಕುವ ಜಾಗವೇ ಇಲ್ಲ. ಹಾಗಾಗಿ ಪೇಟೆಯಿಂದ ಯುಎಸ್‌ಬಿ ಸಿ.ಡಿ. ಡ್ರೈವ್ ಬಂದಿದೆ, ಅದರ ಹಿಂದೆಯೇ ಎದುರು ಮನೆಯ ಎಂಜಿನಿಯರಿಂಗ್ ಹುಡುಗಿಯೂ ಬಂದಿದ್ದಾಳೆ.

ಮಾಸ್ತರರು ಧೋತರದ ಚುಂಗಿನಿಂದ ಡಿಸ್ಕನ್ನು ಗರಗರ ತಿರುಗಿಸಿ ಒರೆಸತೊಡಗಿದರು.

“ಕಾಕಾ, ಸುತ್ತಹಾಕಿ ಒರಸಬ್ಯಾಡ್ರಿ. ನಡುವಿನಿಂದ ಅಂಚಿಗೆ, ನೆಟ್ಟಗ.”

ಡಿಸ್ಕಿನಲ್ಲಿ ಅಂಕಿಗಳು ನಡುವಿನಿಂದ ಹೊರಕ್ಕೆ ಸುರುಳಿಯಾಗಿ ಸಾಗುತ್ತವೆ. ಆ ದಾರಿಯುದ್ದಕ್ಕೂ ಗೀರು ಬಿದ್ದರೆ ಸಾಲುಸಾಲಾಗಿ ಅಂಕಿಗಳು ಹೋಗುತ್ತವೆ. ಅಡ್ಡ ಗೀರಾದರೆ ಸಿ.ಡಿ.ಯಲ್ಲೇ ಇರುವ ತಪ್ಪು ತಿದ್ದುವ ಏರ್ಪಾಡು ಬಹುಮಟ್ಟಿಗೆ ಸರಿಮಾಡಿಕೊಳ್ಳುತ್ತದೆ.

ಹುಡುಗಿ ತೆರೆದದ್ದು ಎಕ್ಸಾಕ್ಟ್ ಆಡಿಯೊ ಕಾಪಿ ಎಂಬ ತಂತ್ರಾಂಶ. ಒಂದು ಸೆಕೆಂಡಿನ ಸಂಗೀತ ಸಿ.ಡಿ.ಯಲ್ಲಿ 75 ಹೋಳುಗಳಾಗಿ ಕೂತಿರುತ್ತದೆ. ಅದರ ‘ಸೆಕ್ಯೂರ್’ ವಿಧಾನದಲ್ಲಿ ಪ್ರತಿ ಹೋಳನ್ನೂ ಕನಿಷ್ಠ ಎರಡು ಸಲ ಓದಿ ತಾಳೆ ನೋಡಲಾಗುತ್ತದೆ. ತಾಳೆಯಾಗದಿದ್ದರೆ ಮತ್ತೆ ಮತ್ತೆ ಓದು, 82 ಸಲದವರೆಗೂ. ಆಮೇಲೆ ಜಗತ್ತಿನ ಬೇರೆ ಕೇಳುಗರು ಅದೇ ಡಿಸ್ಕಿನಿಂದ ತೆಗೆದ ಪ್ರತಿಯ ತಾಳೆಮೊತ್ತದ (ಚೆಕ್‌ಸಮ್) ಜೊತೆ ನಮ್ಮ ಪ್ರತಿಯದನ್ನು ‘ಆಕ್ಯುರೇಟ್‌ರಿಪ್’ ಎಂಬ ಏರ್ಪಾಡು ಹೋಲಿಸುತ್ತದೆ. ಡ್ರೈವ್ ಒಮ್ಮೆ ಗುಂಯ್‌ಗುಡುತ್ತದೆ, ಒಮ್ಮೆ ತಡವರಿಸುತ್ತದೆ. ಹಳೇ ಗೀರಿನ ಬಳಿ ಬಂದಾಗಲಂತೂ ಹಿಂದೆಮುಂದೆ ಹೊಯ್ದಾಡುತ್ತದೆ.

“ಎಂಪಿತ್ರೀ ಮಾಡಿದ್ರ ಲಗೂನ ಆಗ್ತದಲ್ಲ?”

“ಆಗ್ತದ್ರಿ. ಆದ್ರ ಅದು ಕಿವಿಗೆ ಕೇಳಸೂದಿಲ್ಲ ಅಂತ ತನಗ ಅನಿಸಿದ್ದನ್ನ ಕಿತ್ತು ಒಗೀತದ. ಫ್ಲ್ಯಾಕ್ ಏನೂ ಒಗಿಯೂದಿಲ್ಲ, ಒತ್ತಿ ಮಡಚಿ ಇಡ್ತದ.”

ಲೆಕ್ಕ ಸರಳ. ಸೆಕೆಂಡಿಗೆ 44,100 ಮಾದರಿ, ಒಂದೊಂದೂ 16 ಬಿಟ್, ಎರಡು ಚಾನೆಲ್: ಒಂದು ಗಂಟೆಯ ಗಾಯನ ಸುಮಾರು 635 ಎಂಬಿ. ಫ್ಲ್ಯಾಕ್‌ನಲ್ಲಿ ಅದು ಸಾಮಾನ್ಯವಾಗಿ ಅರ್ಧದ ಆಸುಪಾಸಿಗೆ ಇಳಿಯುತ್ತದೆ, ಬಿಚ್ಚಿದಾಗ ಒಂದು ಬಿಟ್ಟೂ ಕಡಿಮೆಯಾಗುವುದಿಲ್ಲ. 128 ಕೆಬಿಪಿಎಸ್ ಎಂಪಿತ್ರೀ ಆದರೆ 58 ಎಂಬಿ. ಉಳಿದದ್ದು ಮರಳಿ ಬಾರದು. ಖಯಾಲ್ ಕೇಳುವವರಿಗೆ ಫ್ಲ್ಯಾಕ್‌ನಿಂದ ಇನ್ನೊಂದು ಅನುಕೂಲವೂ ಇದೆ: ನಿಧಾನದ ವಿಲಂಬಿತ ಮುಗಿದು ವೇಗದ ದ್ರುತ್ ಹೊಸ ಟ್ರ್ಯಾಕಿನಲ್ಲಿ ಶುರುವಾದರೆ ನಡುವೆ ತಂಬೂರಿಯ ಶ್ರುತಿ ತುಂಡಾಗುವುದಿಲ್ಲ.

ಮನ್ಸೂರರು ಹಾಡತೊಡಗಿದ ಕಾಲದ 78 ಆರ್‌ಪಿಎಂ ತಟ್ಟೆಯಲ್ಲಿ ಒಂದು ಬದಿಗೆ ಮೂರು ನಿಮಿಷ ಚಿಲ್ಲರೆ. ರಾಗದ ರೂಪವೆಲ್ಲ ಅಷ್ಟರಲ್ಲೇ ಮೂಡಬೇಕು. 1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ. 74 ನಿಮಿಷ ಕೊಟ್ಟಿತು. ಆಲಾಪಕ್ಕೆ ಉಸಿರಾಡಲು ಜಾಗ ಸಿಕ್ಕಿತು.

ಮೊದಲ ಡಿಸ್ಕ್ ಮುಗಿಯಿತು. ಪರದೆಯ ಮೇಲೆ ‘ಟ್ರ್ಯಾಕ್ 01, ಟ್ರ್ಯಾಕ್ 02’. ಮಾಸ್ತರರಿಗೆ ಅಚ್ಚರಿ: “ಹೆಸರ ಎಲ್ಲಿ ಹೋದವು?”

ಹೋಗಿಲ್ಲ, ಇರಲೇ ಇಲ್ಲ. ಸಾಮಾನ್ಯ ಸಿ.ಡಿ. ಯಾವ ಟ್ರ್ಯಾಕ್ ಎಲ್ಲಿಂದ ಶುರು ಎಂಬುದಷ್ಟನ್ನೇ ಬಲ್ಲದು. ಆ ಅಳತೆಗಳನ್ನು ಹಿಡಿದು ತಂತ್ರಾಂಶ ಇಂಟರ್‌ನೆಟ್ಟಿನ ಪಟ್ಟಿಯಲ್ಲಿ ಹುಡುಕುತ್ತದೆ. ಸಿನಿಮಾ ಹಾಡಿನ ಡಿಸ್ಕಿನಲ್ಲಿ ಹತ್ತಾರು ಟ್ರ್ಯಾಕ್ ಇರುವುದರಿಂದ ಗುರುತು ಸುಲಭ. ಖಯಾಲಿನ ಡಿಸ್ಕಿನಲ್ಲಿ ಎರಡೋ ಮೂರೋ. ಒಮ್ಮೊಮ್ಮೆ ಯಾರದೋ ಹೆಸರು ಯಾರಿಗೋ ಅಂಟುತ್ತದೆ. ಹಾಡುಗಾರ, ಆಲ್ಬಂ, ಹಾಡು ಎಂಬ ಖಾನೆಗಳಲ್ಲಿ ರಾಗ, ತಾಳ, ತಬಲಾ, ಹಾರ್ಮೋನಿಯಂಗೆ ಎಡೆಯೂ ಇಲ್ಲ. ಫ್ಲ್ಯಾಕ್‌ನಲ್ಲಿ ಬೇಕಾದ ಖಾನೆ ನಾವೇ ಸೇರಿಸಿ ಕನ್ನಡದಲ್ಲೇ ತುಂಬಬಹುದು. ಆದರೆ ತುಂಬಲು ಗೊತ್ತಿರಬೇಕಲ್ಲ!

ಇಲ್ಲಿಂದ ಪಾಠ ತಿರುವುಮುರುವಾಯಿತು. ಹುಡುಗಿ ಹೆಡ್‌ಫೋನ್ ಕಿತ್ತು ಸ್ಪೀಕರ್ ಹಚ್ಚಿದಳು. ಮಾಸ್ತರರು ಕಣ್ಣು ಮುಚ್ಚಿ, ನಾಲ್ಕು ಸ್ವರ ಬೀಳುವಷ್ಟರಲ್ಲಿ, “ಶಿವಮತ ಭೈರವ, ಬರಿ,” ಅಂದರು. “ಹಿಂದ ಇನ್ನೊಂದು ದನಿ ಅದ ಅಲ್ಲ, ಅದು ಮನ್ಸೂರರ ಮಗ ರಾಜಶೇಖರಂದು.” ಜೈಪುರ-ಅತ್ರೌಲಿ ಘರಾಣೆಯ ಅಪರೂಪದ ರಾಗಗಳು, ಜೋಡುರಾಗಗಳು ಒಂದೊಂದಾಗಿ ಹೆಸರು ಪಡೆದವು. ಗಂಟೆಗಟ್ಟಲೆ ದುಡಿದ ಯಂತ್ರ ಅಂಕಿಗಳನ್ನು ಉಳಿಸಿತ್ತು. ಅವು ಯಾವ ರಾಗದವು ಎಂಬುದು ಮಾತ್ರ ಕೇಳಿ ಕೇಳಿ ಹಣ್ಣಾದ ಈ ಕಿವಿಯಿಂದಲೇ ಬರಬೇಕಿತ್ತು. ಊರೂರಿನ ಇಂಥ ಕೇಳುಗರು ಇರುವಾಗಲೇ ಬರೆದಿಡದಿದ್ದರೆ, ನಾಳೆ ಹಾರ್ಡ್ ಡಿಸ್ಕಿನ ತುಂಬ ನಿರ್ದೋಷ ಪ್ರತಿಗಳಿದ್ದೂ ಅವು ‘ಟ್ರ್ಯಾಕ್ 01’ ಆಗಿಯೇ ಉಳಿದಾವು.

“ತಬಲಾ ಯಾರ್ರಿ, ಕಾಕಾ?”

“ಗೊತ್ತಿಲ್ಲ. ಖಾಲಿ ಬಿಡು. ಸುಳ್ಳ ತುಂಬಬ್ಯಾಡ.”

ಮರುಗಳಿಗೆಯೇ ಮಾಸ್ತರರು ಹುಬ್ಬಳ್ಳಿಯ ಗೆಳೆಯರಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಿಡಿದರು. ಆ ಕಡೆಯಿಂದ ತಬಲಾ ಬದಲು ರಾಗದ ಬಗ್ಗೆಯೇ ತಕರಾರು ಬಂತು. ಈ ಕಡೆಯಿಂದ ಜವಾಬು ಹೋಯಿತು. ಹುಡುಗಿ ಇಬ್ಬರ ವಾದಕ್ಕೂ ‘ಟಿಪ್ಪಣಿ’ ಎಂಬ ಹೊಸ ಖಾನೆ ತೆರೆದು, ಎರಡನೇ ಡಿಸ್ಕನ್ನು ನಡುವಿನಿಂದ ಅಂಚಿಗೆ ಒರೆಸತೊಡಗಿದಳು.