ಗಣಕ ಸಮೂಹದ ವಿಸರ್ಜನೆ

ಕೆಲಸವನ್ನು ಆರಂಭಿಸುವುದು ಸುಲಭ; ಕ್ರಮವಾಗಿ ಮುಗಿಸುವುದು ಕಷ್ಟ. ಗಣಕಯಂತ್ರಗಳ ವಿಷಯದಲ್ಲಿಯೂ ಈ ಮಾತು ಎಷ್ಟು ನಿಜವೆಂಬುದನ್ನು ನಾನು ಈ ವರ್ಷ ನಷ್ಟಪಟ್ಟು ಕಲಿತೆನು. ಆ ಅನುಭವವನ್ನು ಸಹಪಾಠಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಒಂದು ಯಂತ್ರದಿಂದಾಗದ ದೊಡ್ಡ ಲೆಕ್ಕವನ್ನು ಹಲವು ಯಂತ್ರಗಳಿಗೆ ಹಂಚಿ ಮಾಡಿಸುವ ಪದ್ಧತಿಯುಂಟು. ಹೀಗೆ ಜೊತೆಗೂಡಿಸಿದ ಯಂತ್ರಗಳ ಗುಂಪಿಗೆ ‘ಕ್ಲಸ್ಟರ್’ ಎಂದು ಹೆಸರು. ಗೂಗಲ್ ಸಂಸ್ಥೆಯ ಜೆಫ್ರಿ ಡೀನ್ ಮತ್ತು ಸಂಜಯ್ ಘೆಮಾವತ್ ಅವರು 2004ರಲ್ಲಿ ಇದಕ್ಕೆ ‘ಮ್ಯಾಪ್‌ರೆಡ್ಯೂಸ್’ ಎಂಬ ವಿಧಾನವನ್ನು ಪ್ರಕಟಿಸಿದರು. ಅದನ್ನನುಸರಿಸಿ 2006ರಲ್ಲಿ ‘ಹಡೂಪ್’ ಹುಟ್ಟಿತು. ಅದರ ನಿರ್ಮಾಪಕರಲ್ಲೊಬ್ಬರಾದ ಡಗ್ ಕಟಿಂಗ್ ತಮ್ಮ ಮಗನ ಆಟದ ಆನೆಯ ಹೆಸರನ್ನೇ ಅದಕ್ಕಿಟ್ಟರು.

ಇದರ ವ್ಯವಸ್ಥೆಯು ಸುಗ್ಗಿಯ ಕಣವನ್ನು ಹೋಲುತ್ತದೆ. ಒಂದು ಯಂತ್ರವು ಮೇಸ್ತ್ರಿ, ಉಳಿದವು ಆಳುಗಳು. ಕಡತಗಳನ್ನು ಕಾಯುವ ಪ್ರತಿಯೊಂದು ಆಳೂ 3 ಸೆಕೆಂಡಿಗೊಮ್ಮೆ ‘ನಾನಿದ್ದೇನೆ’ ಎಂದು ಮೇಸ್ತ್ರಿಗೆ ಸುದ್ದಿ ಕಳುಹಿಸುತ್ತದೆ. ಹತ್ತೂವರೆ ನಿಮಿಷ ಸುದ್ದಿಯಿಲ್ಲದಿದ್ದರೆ ಅದು ಸತ್ತಿತೆಂದೇ ಲೆಕ್ಕ. ಆದರೂ ಹಾನಿಯಿಲ್ಲ, ಏಕೆಂದರೆ ಕಡತಗಳನ್ನು 128 ಮೆಗಾಬೈಟಿನ ತುಂಡುಗಳಾಗಿ ಮಾಡಿ, ಪ್ರತಿ ತುಂಡಿನ 3 ಪ್ರತಿಗಳನ್ನು ಬೇರೆ ಬೇರೆ ಯಂತ್ರಗಳಲ್ಲಿಡುವುದು ರೂಢಿ.

ನಾವು ನಾಲ್ವರು ವಿದ್ಯಾರ್ಥಿಗಳು ಮಾರುಕಟ್ಟೆಯ ಧಾರಣೆಗಳ ಲೆಕ್ಕಕ್ಕಾಗಿ ಚಂದಾ ಕೂಡಿಸಿ ಇಂತಹ ಗುಂಪೊಂದನ್ನು ಬಾಡಿಗೆಗೆ ಪಡೆದೆವು. ಮೊದಲ ದಿನ ಪರೀಕ್ಷಾರ್ಥವಾಗಿ ಸಣ್ಣ ಲೆಕ್ಕವೊಂದನ್ನು ಮಾಡಿಸಿ, ಗುಂಪನ್ನು ಮುಚ್ಚದೆ ಮನೆಗೆ ಹೋದೆವು. ಆಳುಗಳಿಗೆ ಕೆಲಸವಿರಲಿಲ್ಲ, ಬಾಡಿಗೆ ಮಾತ್ರ ಇರುಳೆಲ್ಲ ಏರಿತು. ಮರುದಿನ ಪೂರ್ಣ ಲೆಕ್ಕವು ಮುಗಿದೊಡನೆಯೇ ನಾನು ಹೆದರಿಕೆಯಿಂದ ಗುಂಪನ್ನು ವಿಸರ್ಜಿಸಿಬಿಟ್ಟೆನು. ಫಲಿತಾಂಶವೆಲ್ಲ ಆ ಯಂತ್ರಗಳಲ್ಲಿಯೇ ಇದ್ದಿತು! ಮೂರು ಪ್ರತಿಗಳಿವೆಯೆಂದು ನಾನು ನಂಬಿದ್ದೆನು. ಆದರೆ ಮೂರೂ ಇದ್ದುದು ಅದೇ ಗುಂಪಿನಲ್ಲಿ. ಒಂದು ಆಳು ಕೈಕೊಟ್ಟಾಗ ಕಾಪಾಡುವ ಪ್ರತಿಗಳು, ಇಡೀ ಕಣವನ್ನೇ ಎತ್ತಿದರೆ ಏನು ಮಾಡಿಯಾವು? ಇನ್ನೊಮ್ಮೆ ಲೆಕ್ಕ ಮಾಡಿಸಲು ಹಣ ಉಳಿದಿರಲಿಲ್ಲ. ನಮ್ಮ ಪ್ರಬಂಧವು ಕೋಷ್ಟಕಗಳಿಲ್ಲದೆಯೇ ಅಧ್ಯಾಪಕರ ಕೈ ಸೇರಿತು. ಗೆಳೆಯರು ಏನೂ ಅನ್ನಲಿಲ್ಲ; ಅದೇ ನನಗೆ ಹೆಚ್ಚು ನೋವನ್ನುಂಟುಮಾಡಿತು.

ಆದುದರಿಂದ ವಿಸರ್ಜನೆಗೂ ಒಂದು ಕ್ರಮವಿದೆ. ಮೊದಲು, ಕೆಲಸವು ನಿಜವಾಗಿ ಮುಗಿದಿದೆಯೇ, ಅಥವಾ ಅರ್ಧಕ್ಕೆ ನಿಂತಿದೆಯೇ ಎಂದು ನೋಡಬೇಕು. ಎರಡನೆಯದಾಗಿ, ಫಲಿತಾಂಶವನ್ನೂ ಕೆಲಸದ ದಿನಚರಿಯನ್ನೂ ಗುಂಪಿನ ಹೊರಗಿನ ಶಾಶ್ವತ ಉಗ್ರಾಣಕ್ಕೆ ಸಾಗಿಸಿ, ಅಲ್ಲಿ ತೆರೆದು ಓದಬೇಕು. ಆಮೇಲೆ ಮುಚ್ಚಬೇಕು. ಕೊನೆಗೆ, ಎಲ್ಲ ಯಂತ್ರಗಳೂ ನಿಂತು ಬಾಡಿಗೆಯೂ ನಿಂತಿತೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಸದಾ ನಡೆಯುವ ಗುಂಪಿನಿಂದ ಒಂದೇ ಯಂತ್ರವನ್ನು ಬಿಡಿಸುವಾಗಲೂ ಅಷ್ಟೇ: ಅದರಲ್ಲಿರುವ ತುಂಡುಗಳ ಪ್ರತಿಗಳು ಇತರ ಯಂತ್ರಗಳಲ್ಲಿ ಸಿದ್ಧವಾಗುವವರೆಗೆ ಕಾಯಬೇಕು.

ಕಾಳು ಕಣಜ ಸೇರುವ ಮೊದಲು ಯಾವ ರೈತನೂ ಕಣವನ್ನು ಎತ್ತುವುದಿಲ್ಲ. ಸೇರಿದ ಮೇಲೆ ಆಳುಗಳನ್ನು ಸುಮ್ಮನೆ ಕೂರಿಸಿ ಕೂಲಿ ಕೊಡುವುದೂ ಇಲ್ಲ. ಓದಿದ ನಾವು ಅದನ್ನು ಅವನಿಂದ ಕಲಿಯಬೇಕಾಗಿದೆ.